ಎಲೆ ಮುದುಡಿದೆ, ಬಣ್ಣ ಕೆಟ್ಟಿದೆ: ನಂಜು ರೋಗವೇ, ಬೇರೆಯದೇ?

ಬೆಳಿಗ್ಗೆ ಹೊಲಕ್ಕೆ ಹೋದಾಗ ಮೆಣಸಿನ ಗಿಡದ ಕುಡಿ ಮುದುಡಿ ಕೂತಿರುತ್ತದೆ. ಒಂದು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ನೇರವಾಗಿ ಔಷಧಿ ಅಂಗಡಿಗೆ ಹೋಗುತ್ತೇವೆ. ಅಷ್ಟರಲ್ಲಿ ಎಲೆ ಬಾಡಿರುತ್ತದೆ, ಅದರ ಮೇಲಿದ್ದ ಕೀಟ ಉದುರಿ ಹೋಗಿರುತ್ತದೆ. ‘ವೈರಸ್ ಬಂದಿದೆ’ ಎಂಬ ಒಂದೇ ಮಾತಿಗೆ ಮೂರು ಬಾಟಲಿ ಕೈಗೆ ಬರುತ್ತವೆ. ಹದಿನೈದು ದಿನ ಕಳೆದರೂ ಗಿಡ ಹಾಗೆಯೇ ಇರುತ್ತದೆ, ಇಲ್ಲವೇ ಇನ್ನಷ್ಟು ಕೆಡುತ್ತದೆ. ಇದನ್ನು ನಾನು ನಮ್ಮ ಸುತ್ತಮುತ್ತ ವರ್ಷ ವರ್ಷವೂ ನೋಡುತ್ತಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಾರಣ, ಆ ಹಣದಲ್ಲಿ ಬಹುಪಾಲು ಉಳಿಯಬಹುದಿತ್ತು.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ: ಹೊಲದಲ್ಲಿ ನಿಂತ ಗಿಡಕ್ಕೆ ಒಮ್ಮೆ ನಂಜು, ಅಂದರೆ ವೈರಸ್, ಹೊಕ್ಕರೆ ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಬೂಷ್ಟು ರೋಗದ ಶಿಲೀಂಧ್ರಕ್ಕೆ ತನ್ನದೇ ಕೋಶ, ಗೋಡೆ, ಉಸಿರಾಟ ಇರುತ್ತವೆ. ಔಷಧಿ ಅವುಗಳ ಮೇಲೆ ಕೆಲಸ ಮಾಡುತ್ತದೆ. ನಂಜಾಣುವಿಗೆ ಇವೊಂದೂ ಇಲ್ಲ. ಪ್ರೋಟೀನಿನ ಒಂದು ಹೊದಿಕೆ, ಅದರೊಳಗೆ ಸುರುಳಿಯಾಗಿ ಕೂತ ಆರ್‌ಎನ್‌ಎ ಅಥವಾ ಡಿಎನ್‌ಎ ಎಳೆ, ಅಷ್ಟೇ. ಗಿಡದ ಕೋಶದೊಳಗೆ ಸೇರಿ, ಆ ಕೋಶದ ಸಾಮಗ್ರಿಯನ್ನೇ ಬಳಸಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದನ್ನು ಕೊಲ್ಲಲು ಹೋದರೆ ಗಿಡದ ಕೋಶವನ್ನೇ ಕೊಲ್ಲಬೇಕಾಗುತ್ತದೆ. ನಾವು ನಂಜಿಗೆಂದು ಸಿಂಪಡಿಸುವ ಔಷಧಿಯೆಲ್ಲ ಬೀಳುವುದು ಅದನ್ನು ಹೊತ್ತು ತರುವ ಕೀಟದ ಮೇಲೆ.

ಹಾಗಾಗಿ ಎರಡು ತಪ್ಪುಗಳೂ ದುಬಾರಿ. ನಂಜಲ್ಲದ್ದನ್ನು ನಂಜೆಂದು ತಿಳಿದರೆ ಉಳಿಯುವ ಗಿಡವನ್ನು ಕೈಬಿಡುತ್ತೇವೆ. ನಂಜನ್ನು ಗೊಬ್ಬರದ ಕೊರತೆ ಎಂದುಕೊಂಡರೆ, ಕೀಳಬೇಕಾದ ಗಿಡವನ್ನು ಸಾಕಿ ಇಡೀ ಹೊಲಕ್ಕೆ ಹಂಚುತ್ತೇವೆ.

ಇದಕ್ಕೆ ಬೇಕಾದ ಸಾಮಾನು ಕಡಿಮೆ: ಒಂದು ಬಿಳಿ ಹಾಳೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಗಾಜಿನ ಲೋಟ ನೀರು, ಒಂದು ಚಾಕು.

## ಎಲೆ ಮುಟ್ಟುವ ಮೊದಲು ಬದುವಿನ ಮೇಲೆ ನಿಂತು ನೋಡಿ

ಖರ್ಚಿಲ್ಲದ ಈ ಪರೀಕ್ಷೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೆಟ್ಟ ಗಿಡಗಳು ಹೊಲದಲ್ಲಿ ಹೇಗೆ ಹರಡಿವೆ?

ಇಡೀ ಪಟ್ಟಿ ಒಂದೇ ಸಮನೆ ಹಳದಿಯಾಗಿದ್ದರೆ, ಅಥವಾ ನೀರು ನಿಲ್ಲುವ ತಗ್ಗಿನಲ್ಲಿ, ಸುಣ್ಣಕಲ್ಲಿನ ನೆಲದಲ್ಲಿ ಮಾತ್ರ ಹಳದಿಯಾಗಿದ್ದರೆ ಮಣ್ಣನ್ನು, ನೀರನ್ನು ಅನುಮಾನಿಸಿ. ಒಂದೇ ಬದಿಯ ಸಾಲುಗಳು, ಅದೂ ಪಕ್ಕದ ಕಬ್ಬು ಅಥವಾ ಜೋಳದ ಕಡೆಯವು ಮಾತ್ರ ತಿರುಚಿಕೊಂಡಿದ್ದರೆ ಗಾಳಿಯಲ್ಲಿ ತೇಲಿ ಬಂದ ಕಳೆನಾಶಕವನ್ನು ಅನುಮಾನಿಸಿ. ಚೆನ್ನಾಗಿರುವ ಗಿಡಗಳ ನಡುವೆ ಇಲ್ಲೊಂದು ಅಲ್ಲೊಂದು ಗಿಡ ಕುಗ್ಗಿದ್ದು, ವಾರದಿಂದ ವಾರಕ್ಕೆ ಅವುಗಳ ಸುತ್ತ ಹೊಸ ಗಿಡಗಳು ಸೇರಿಕೊಳ್ಳುತ್ತಿದ್ದರೆ ನಂಜಿನ ಅನುಮಾನ ಬಲವಾಗುತ್ತದೆ. ಗೊಬ್ಬರದ ಕೊರತೆ ಹೀಗೆ ಗಿಡ ಆರಿಸಿಕೊಂಡು ಬರುವುದಿಲ್ಲ, ಕೀಟ ಬರುತ್ತದೆ.

ಎರಡನೆಯದು, ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ? ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇರುವುದರಿಂದ ನಂಜಾಣು ತಾನಾಗಿ ಒಳಗೆ ಹೋಗಲಾರದು. ಕೀಟದ ಸೂಜಿಯಂಥ ಬಾಯಿ, ಕತ್ತರಿ, ಉಜ್ಜಿದ ಕೈ, ಇಂಥದ್ದೇನಾದರೂ ಗಾಯ ಮಾಡಬೇಕು. ಒಳಗೆ ಹೋದ ಮೇಲೆ ಕೋಶದಿಂದ ಕೋಶಕ್ಕೆ ನಿಧಾನವಾಗಿ ದಾಟಿ, ಸಕ್ಕರೆ ಸಾಗಿಸುವ ನಾಳಕ್ಕೆ ಸೇರುತ್ತದೆ. ಅಲ್ಲಿಂದ ಆಹಾರ ಎಲ್ಲಿಗೆ ಹರಿಯುತ್ತದೋ ಅಲ್ಲಿಗೆ, ಅಂದರೆ ಬೆಳೆಯುವ ಕುಡಿಗೆ, ಕಾಯಿಗೆ ಸಾಗುತ್ತದೆ. ಆಗಲೇ ಬಲಿತು ನಿಂತ ಎಲೆ ಬಹುಮಟ್ಟಿಗೆ ಚೆನ್ನಾಗಿಯೇ ಉಳಿಯುತ್ತದೆ; ಸೋಂಕಿನ ನಂತರ ಹುಟ್ಟಿದ ಎಲೆ ಕೆಟ್ಟು ಹುಟ್ಟುತ್ತದೆ. ಕೆಳಗಿನ ಎಲೆ ಮಾತ್ರ ಕೆಟ್ಟು ಕುಡಿ ಹಸಿರಾಗಿ ನಗುತ್ತಿದ್ದರೆ ಅದು ನಂಜಲ್ಲ ಎನ್ನಲು ದೊಡ್ಡ ಆಧಾರ ಸಿಕ್ಕಂತೆ.

## ಎಲೆ ಹಳದಿಯಾಗಿದೆ

ಕೆಳಗಿನ ಎಲೆ ಪೂರ್ತಿ ತಿಳಿ ಹಳದಿಯಾಗಿ, ಹಳದಿ ಮೇಲಕ್ಕೆ ಹತ್ತುತ್ತಿದ್ದರೆ ಸಾರಜನಕದ ಕೊರತೆ. ಕೆಳಗಿನ ಎಲೆಯಲ್ಲೇ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಇವೆರಡರಲ್ಲೂ ಗಿಡ ಇದ್ದದ್ದನ್ನು ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ.

ಗೊಂದಲವಾಗುವುದು ಕಬ್ಬಿಣದ ಕೊರತೆಯಲ್ಲಿ. ಅದೂ ನಂಜಿನಂತೆ ಕುಡಿಯಲ್ಲೇ ಕಾಣಿಸುತ್ತದೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕಬ್ಬಿಣದ ಕೊರತೆಯಲ್ಲಿ ನರಗಳು ಹಸಿರು ಬಲೆಯಂತೆ, ಮಧ್ಯದ ನರದ ಎಡಕ್ಕೂ ಬಲಕ್ಕೂ ಒಂದೇ ರೀತಿಯಲ್ಲಿ, ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತವೆ. ನಂಜಿನಲ್ಲಿ ಈ ಅಚ್ಚುಕಟ್ಟು ಇರುವುದಿಲ್ಲ. ಕಡು ಹಸಿರು, ತಿಳಿ ಹಸಿರು, ಹಳದಿಯ ತೇಪೆಗಳು ನರವನ್ನು ಲೆಕ್ಕಿಸದೆ ಹರಡಿರುತ್ತವೆ. ಎಡ ಅರ್ಧ ಬಲ ಅರ್ಧಕ್ಕೆ ಹೊಂದುವುದಿಲ್ಲ, ಹಸಿರು ತೇಪೆ ಉಬ್ಬಿ ಎಲೆ ಸುಕ್ಕಾಗಿರುತ್ತದೆ.

ಆದರೂ ತಿಳಿಯದಿದ್ದರೆ ಅಗ್ಗದ ಪರೀಕ್ಷೆ ಇದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ನಾಲ್ಕು ಗಿಡಕ್ಕೆ ಮಾತ್ರ ಸಿಂಪಡಿಸಿ, ಗುರುತಿಗೆ ಕಡ್ಡಿ ನೆಡಿ. ಒಂದು ವಾರದೊಳಗೆ ಹಸಿರು ಮರಳಿದರೆ ಕೊರತೆ ಖಚಿತ. ನಂಜು ಹಿಡಿದ ಎಲೆ ಇದಕ್ಕೆ ಸ್ಪಂದಿಸುವುದಿಲ್ಲ.

ಬೆಂಡೆಯದು ಇದಕ್ಕೆ ಪೂರ್ತಿ ಉಲ್ಟಾ, ಅದಕ್ಕೇ ಗುರುತಿಸುವುದು ಸುಲಭ. ಅಲ್ಲಿ ಹಳದಿಯಾಗುವುದು ನರವೇ. ಹಸಿರು ಎಲೆಯ ಮೇಲೆ ಹಳದಿ ದಾರದ ಬಲೆ ಹೆಣೆದಂತೆ ಕಾಣುತ್ತದೆ. ಮುಂದಿನ ಹಂತದಲ್ಲಿ ಎಲೆ ಪೂರ್ತಿ ಹಳದಿ. ಕಾಯಿ ಬಿಳಿಚಿಕೊಂಡು, ಗಿಡ್ಡವಾಗಿ, ನಾರಾಗುತ್ತದೆ. ಇದು ಬೆಂಡೆಯ ಹಳದಿ ನರದ ನಂಜು, ತರುವುದು ಬಿಳಿ ನೊಣ. ಇಷ್ಟು ಸ್ಪಷ್ಟವಾಗಿ ಕಂಡ ಮೇಲೆ ಬೇರೆ ಪರೀಕ್ಷೆ ಬೇಡ. ಮುಂದಿನ ಬಾರಿಗೆ ತಳಿ ಬದಲಿಸುವ ಯೋಚನೆ ಮಾಡಿ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಈ ನಂಜನ್ನು ತಡೆಯಲೆಂದೇ ಕಾಡು ಬೆಂಡೆಯ ಗುಣ ಸೇರಿಸಿ ಬೆಳೆಸಿದ ತಳಿ. ತಡೆಯುವ ಶಕ್ತಿ ಶಾಶ್ವತವಲ್ಲ, ನಂಜಾಣುವೂ ಬದಲಾಗುತ್ತಿರುತ್ತದೆ. ನಿಮ್ಮ ಭಾಗದಲ್ಲಿ ಈ ವರ್ಷ ಯಾವ ತಳಿ ನಿಂತಿದೆ ಎಂದು ಕೇಳಿಯೇ ಬೀಜ ತನ್ನಿ.

## ಮೆಣಸಿನ ಗಿಡದ ಎಲೆ ಮುದುಡಿದೆ

ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲಿ. ‘ಮುಟುರು ರೋಗ’ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ, ಮೂರಕ್ಕೂ ಮಾಡಬೇಕಾದದ್ದು ಬೇರೆ.

ಮೊದಲು ಎಲೆ ಯಾವ ಕಡೆಗೆ ಮುದುಡಿದೆ ನೋಡಿ. ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಅಂಚುಗಳು ಕೆಳಕ್ಕೆ ಬಾಗಿ ದೋಣಿ ಬೋರಲು ಬಿದ್ದಂತಿದ್ದರೆ, ಜೊತೆಗೆ ಎಲೆ ಕಿರಿದಾಗಿ ತೊಟ್ಟು ಇಲಿಯ ಬಾಲದಂತೆ ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ನರ ದಪ್ಪವಾಗಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಇಡೀ ಗಿಡ ಪೊದೆಯಂತೆ ಗಿಡ್ಡವಾಗಿದ್ದರೆ ಬಿಳಿ ನೊಣ ತರುವ ಎಲೆ ಮುಟುರು ನಂಜು.

ಈಗ ಬಿಳಿ ಹಾಳೆ ತೆಗೆಯಿರಿ. ಬೆಳಿಗ್ಗೆ ಕುಡಿಯನ್ನು ಹಾಳೆಯ ಮೇಲೆ ಬಗ್ಗಿಸಿ ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಮೊದಲಿಗೆ ಬರೀ ಧೂಳು, ಹೂವಿನ ಪುಡಿ ಕಾಣುತ್ತದೆ. ಉಸಿರು ಬಿಗಿಹಿಡಿದು ಅರ್ಧ ನಿಮಿಷ ಕಾಯಿರಿ. ಧೂಳಿನ ನಡುವೆ ಕೂದಲಿನ ತುಂಡಿನಂಥದ್ದೊಂದು ಅಲುಗುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ, ಒಣ ಹುಲ್ಲಿನ ಬಣ್ಣದ ಸಪೂರ ದೇಹ. ಅದೇ ಥ್ರಿಪ್ಸ್. ಕಪ್ಪಗಿದ್ದು, ಹೂವಿನೊಳಗಿಂದಲೇ ಹೆಚ್ಚು ಉದುರಿದರೆ ಅದು ಹೊರಗಿನಿಂದ ಬಂದ ಕಪ್ಪು ಥ್ರಿಪ್ಸ್ ಇರಬಹುದು. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಕಂಡುಬಂದದ್ದೆಂದು ವರದಿಯಾದ ಈ ಕೀಟ 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ಕಪ್ಪು ಥ್ರಿಪ್ಸ್ ಕಂಡರೆ ಸ್ವಂತ ಪ್ರಯೋಗ ಬೇಡ, ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ.

ಮೈಟ್ ಹಾಳೆಯ ಮೇಲೆ ಕಾಣುವುದಿಲ್ಲ. ಅದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೇ ಇರುತ್ತದೆ. ಕುಡಿಯ ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮಧ್ಯದ ನರದ ಪಕ್ಕದಲ್ಲಿ ಹೊಳೆಯುವ ಹಳದಿ ಚುಕ್ಕಿಗಳು ನಿಧಾನವಾಗಿ ಸರಿದಾಡುತ್ತಿರುತ್ತವೆ. ಮೈಟ್ ಕೀಟವಲ್ಲ, ಜೇಡದ ಬಳಗದ್ದು. ಆದ್ದರಿಂದ ಸಾಮಾನ್ಯ ಕೀಟನಾಶಕಕ್ಕೆ ಅದು ಜಗ್ಗುವುದಿಲ್ಲ. ಪೈರಿಥ್ರಾಯ್ಡ್ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಮೈಟ್ ತಿನ್ನುವ ಒಳ್ಳೆಯ ಜೀವಿಗಳು ಸತ್ತು ಮೈಟ್ ಇನ್ನೂ ಹೆಚ್ಚುತ್ತದೆ. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆದರೆ ಕಡಿಮೆ ಖರ್ಚಿನಲ್ಲಿ ಹತೋಟಿಗೆ ಬರುತ್ತದೆ. ಉರಿ ಬಿಸಿಲಿನಲ್ಲಿ ಗಂಧಕ ಬೇಡ, ಬೇವಿನ ಎಣ್ಣೆ ಹೊಡೆದ ಹತ್ತಿರದ ದಿನಗಳಲ್ಲೂ ಬೇಡ; ಎಲೆ ಸುಡುತ್ತದೆ.

ಥ್ರಿಪ್ಸ್, ಮೈಟ್ ಎರಡರಲ್ಲೂ ಕೀಟ ಹೋದ ಮೇಲೆ ಬರುವ ಹೊಸ ಚಿಗುರು ನೆಟ್ಟಗಿರುತ್ತದೆ. ಮುದುಡಿದ ಹಳೆಯ ಎಲೆ ಬಿಡಿಸಿಕೊಳ್ಳುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಕಣ್ಣು ಚಿಗುರಿನ ಮೇಲಿರಲಿ. ಕೀಟ ಒಂದೂ ಇಲ್ಲದಿದ್ದರೂ, ಎರಡು ವಾರ ಕಳೆದರೂ ಹೊಸ ಚಿಗುರು ಮುದುಡಿಯೇ ಹುಟ್ಟುತ್ತಿದ್ದರೆ ಅದು ನಂಜು.

## ಟೊಮೆಟೊ ಎಲೆ ಸುರುಳಿಯಾಗಿದೆ

ಕೆಳಗಿನ ಎಲೆಗಳು ಮಾತ್ರ ಬೀಡಿಯಂತೆ ಮೇಲಕ್ಕೆ ಸುತ್ತಿಕೊಂಡು, ಮುಟ್ಟಿದರೆ ತೊಗಲಿನಂತಿದ್ದು, ಬಣ್ಣ ಹಸಿರಾಗಿಯೇ ಇದ್ದರೆ ಅದು ರೋಗವೇ ಅಲ್ಲ. ಬಿಸಿಲು ಹೆಚ್ಚಾದಾಗ, ನೀರು ಏರುಪೇರಾದಾಗ, ಕೊಂಬೆ ಹೆಚ್ಚು ಚಾಟನಿ ಮಾಡಿದಾಗ ಗಿಡ ನೀರು ಉಳಿಸಿಕೊಳ್ಳಲು ಹೀಗೆ ಮಾಡುತ್ತದೆ. ಕಾಯಿಗೆ ತೊಂದರೆಯಿಲ್ಲ. ನೀರು ಹದವಾಗಿ ಕೊಡಿ, ಬೇರೇನೂ ಬೇಡ.

ಕುಡಿಯ ಎಲೆಗಳು ಚಿಕ್ಕದಾಗಿ, ಬಟ್ಟಲಿನಂತೆ ಮೇಲೆದ್ದು, ಅಂಚು ಹಳದಿಯಾಗಿ, ಹೂ ಉದುರುತ್ತಿದ್ದರೆ ಎಲೆ ಮುಟುರು ನಂಜು. ಗಿಡ ಅಲುಗಿಸಿ ನೋಡಿ: ಎಲೆಯ ಅಡಿಯಿಂದ ಬಿಳಿ ಹಿಟ್ಟಿನ ಕಣಗಳಂತೆ ನೊಣ ಎದ್ದು ಮತ್ತೆ ಅಲ್ಲೇ ಕೂರುತ್ತವೆ. ಬಿಳಿ ನೊಣ ಕಾಣಲಿಲ್ಲವೆಂದು ನಂಜನ್ನು ತಳ್ಳಿಹಾಕಬೇಡಿ. ನೊಣ ಚುಚ್ಚಿದ ದಿನದಿಂದ ಲಕ್ಷಣ ಕಾಣಲು ಸುಮಾರು ಎರಡು ವಾರ ಬೇಕು. ತಂದು ಹಾಕಿದ ನೊಣ ಅಷ್ಟರಲ್ಲಿ ಎಲ್ಲಿಗೋ ಹೋಗಿರುತ್ತದೆ.

ಈ ಎರಡು ವಾರದ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಲಕ್ಷಣ ಕಂಡ ದಿನದಿಂದ ಹಿಂದಕ್ಕೆ ಎಣಿಸಿ. ನಾಟಿ ಮಾಡಿ ಹತ್ತು ದಿನಕ್ಕೇ ಕುಡಿ ಮುದುಡಿದ್ದರೆ ನಂಜು ಬಂದದ್ದು ನಿಮ್ಮ ಹೊಲದಲ್ಲಿ ಅಲ್ಲ, ಸಸಿಮಡಿಯಲ್ಲಿ. ಹಾಗಿದ್ದರೆ ಹೊಲಕ್ಕೆ ಎಷ್ಟು ಔಷಧಿ ಹೊಡೆದರೂ ಮುಂದಿನ ಬೆಳೆಗೂ ಅದೇ ಗತಿ; ಸಸಿ ಬೆಳೆಸುವ ಜಾಗಕ್ಕೆ 40ರಿಂದ 50 ಮೆಷ್‌ನ (ಒಂದು ಅಂಗುಲಕ್ಕೆ ಅಷ್ಟು ಕಣ್ಣುಗಳಿರುವ) ನೈಲಾನ್ ಪರದೆ ಕಟ್ಟಬೇಕು, ಅಥವಾ ಹಾಗೆ ಪರದೆ ಕಟ್ಟಿ ಬೆಳೆಸಿದವರಿಂದಲೇ ಸಸಿ ಕೊಳ್ಳಬೇಕು. ನಾಟಿಯ ಮೊದಲ ಕೆಲವು ವಾರಗಳಲ್ಲಿ ನಂಜು ಹಿಡಿದ ಗಿಡದಿಂದ ಇಳುವರಿ ಬರುವುದೇ ಇಲ್ಲ ಎನ್ನಬಹುದು. ಕಾಯಿ ಕಟ್ಟಿದ ಮೇಲೆ ಹಿಡಿದರೆ ನಷ್ಟ ಕಡಿಮೆ. ಕಾಪಾಡಬೇಕಾದ ಕಾಲ ಯಾವುದು ಎಂಬುದು ಇದರಿಂದಲೇ ತಿಳಿಯುತ್ತದೆ. ತಳಿ ಆರಿಸುವವರಿಗೆ ಅರ್ಕಾ ರಕ್ಷಕ್ ಇದೆ. ಎಲೆ ಮುಟುರು ನಂಜು, ದುಂಡಾಣು (ಬ್ಯಾಕ್ಟೀರಿಯಾ) ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್ ಅದು.

## ಎಲೆ ದಾರದಂತೆ ಕಿರಿದಾಗಿದೆ

ಇಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ನಮ್ಮ ಟೊಮೆಟೊ ಸಾಲಿನಲ್ಲಿ ಎಲೆಗಳು ಜರೀಗಿಡದ ಎಲೆಯಂತೆ ಸಪೂರವಾಗಿ, ಕಾಂಡ ತಿರುಚಿ ಬಂತು. ನಂಜೆಂದು ಮೂವತ್ತು ಗಿಡ ಕಿತ್ತೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಕೆಟ್ಟದ್ದು ಒಂದೇ ಪಂಪಿನಲ್ಲಿ ಸಿಂಪಡಿಸಿದ ಸಾಲುಗಳು ಮಾತ್ರ. ಆ ಪಂಪಿನಲ್ಲಿ ಹಿಂದಿನ ವಾರ ಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದಿದ್ದರು, ಬರೀ ನೀರಿನಲ್ಲಿ ಒಮ್ಮೆ ಅಲುಗಿಸಿ ಕೊಟ್ಟಿದ್ದರು. ಟೊಮೆಟೊ, ಹತ್ತಿ, ದ್ರಾಕ್ಷಿಗಳಿಗೆ ಈ ಕಳೆನಾಶಕದ ಹನಿಯಷ್ಟು ಉಳಿಕೆ ಸಾಕು.

ಗುರುತು ಹೀಗೆ: ಕಳೆನಾಶಕದ್ದಾದರೆ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ದಿನ ಕೆಡುತ್ತವೆ, ಆಮೇಲೆ ಹೊಸ ಗಿಡಕ್ಕೆ ಹರಡುವುದಿಲ್ಲ. ನರಗಳು ಒಂದಕ್ಕೊಂದು ಸಮಾನಾಂತರವಾಗಿ ಒತ್ತೊತ್ತಾಗಿ ಕಾಣುತ್ತವೆ. ಪಕ್ಕದಲ್ಲಿರುವ ಅಗಲ ಎಲೆಯ ಕಳೆಗಳೂ ತಿರುಚಿರುತ್ತವೆ. ಪೆಟ್ಟು ಲಘುವಾಗಿದ್ದರೆ ಎರಡು ಮೂರು ವಾರದಲ್ಲಿ ಬರುವ ಚಿಗುರು ಸರಿಯಾಗುತ್ತದೆ. ಅಲ್ಲಿಯವರೆಗೆ ಕೀಳಬೇಡಿ. ನಾನು ಕಿತ್ತದ್ದು ಸುಮ್ಮನೆ.

ಎಲೆಯಲ್ಲಿ ಹಸಿರು–ಹಳದಿ ತೇಪೆಯೂ ಇದ್ದು, ಗಿಡದಿಂದ ಗಿಡಕ್ಕೆ ನೀವು ಕುಡಿ ಚಿವುಟುತ್ತಾ ಹೋದ ಸಾಲಿನುದ್ದಕ್ಕೂ ರೋಗ ಸಾಗಿದ್ದರೆ, ಆಗ ನಿಮ್ಮ ಕೈಯನ್ನೇ ಅನುಮಾನಿಸಬೇಕು. ತಂಬಾಕಿನ ಮೊಸಾಯಿಕ್ ನಂಜು ಮತ್ತು ಅದರ ಹತ್ತಿರದ ಬಳಗದ ಟೊಮೆಟೊ ಮೊಸಾಯಿಕ್ ನಂಜಿಗೆ ಕೀಟ ಬೇಕಿಲ್ಲ. ಕೈ, ಕತ್ತರಿ, ಬಟ್ಟೆ, ಕಟ್ಟುವ ದಾರ ಸಾಕು. ಮನುಷ್ಯ ನಂಜಾಣು ಎಂಬುದನ್ನು ಅರಿತದ್ದೇ ಈ ತಂಬಾಕಿನ ರೋಗದಿಂದ. 1892ರಲ್ಲಿ ರಷ್ಯಾದ ಇವಾನೊವ್ಸ್ಕಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದ. ಸೋಸಿದ ರಸವೂ ರೋಗ ತಂದಿತು. 1898ರಲ್ಲಿ ನೆದರ್ಲೆಂಡ್ಸ್‌ನ ಬೈಯರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಬಗೆಯದು ಎಂದು ಹೇಳಿದ. ಆ ಕಡ್ಡಿಯಂಥ ಕಣದ ಉದ್ದ 300 ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಣಗಳನ್ನು ತುದಿಗೆ ತುದಿ ಜೋಡಿಸಬಹುದು. ಒಣಗಿದ ತಂಬಾಕಿನಲ್ಲೂ ಅದು ವರ್ಷಗಟ್ಟಲೆ ಜೀವಂತ. ಬೀಡಿ ಸೇದಿ, ಎಲೆಯಡಿಕೆಗೆ ಹೊಗೆಸೊಪ್ಪು ತಿಕ್ಕಿ, ಅದೇ ಕೈಯಲ್ಲಿ ಕುಡಿ ಚಿವುಟಬೇಡಿ. ಸೋಪಿನಲ್ಲಿ ಚೆನ್ನಾಗಿ ತೊಳೆದುಕೊಂಡೇ ಗಿಡ ಮುಟ್ಟಿ.

## ಟೊಮೆಟೊ ಗಿಡ ಸೊರಗಿದೆ, ಕುಡಿ ಸುಟ್ಟಂತಾಗಿದೆ

ಎಲೆ ಹಸಿರಾಗಿದ್ದಾಗಲೇ ಗಿಡ ಎರಡು ದಿನದಲ್ಲಿ ಜೋತುಬಿದ್ದರೆ ಗಾಜಿನ ಲೋಟ ತನ್ನಿ. ಬುಡದ ಹತ್ತಿರದಿಂದ ಬೆರಳುದ್ದದ ಕಾಂಡ ಕತ್ತರಿಸಿ, ತಿಳಿ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗದೆ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆ ಸಣ್ಣಗೆ ಕೆಳಗಿಳಿದರೆ ದುಂಡಾಣು ಸೊರಗು ರೋಗ. ಆ ಎಳೆಯೇ ಲಕ್ಷಾಂತರ ಬ್ಯಾಕ್ಟೀರಿಯಾ. ಅದು ಮಣ್ಣಿನ ರೋಗ, ನಂಜಲ್ಲ; ಅದರ ದಾರಿಯೇ ಬೇರೆ.

ಹಾಲು ಇಳಿಯದೆ, ಗಿಡದ ತುದಿ ತಾಮ್ರದ ಬಣ್ಣಕ್ಕೆ ತಿರುಗಿ ಮೇಲಿನಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತಿದ್ದರೆ, ಕಾಯಿಯ ಮೇಲೆ ಒಂದರೊಳಗೊಂದು ಹಳದಿ ಉಂಗುರಗಳಿದ್ದರೆ ಟೊಸ್ಪೊ ಗುಂಪಿನ ನಂಜು. ಶೇಂಗಾದಲ್ಲಿ ಕುಡಿ ಸಾಯಿಸುವ ನಂಜೇ ಟೊಮೆಟೊಗೂ ಬರುತ್ತದೆ. ತರುವುದು ಥ್ರಿಪ್ಸ್. ಮರಿಯಾಗಿದ್ದಾಗ ನಂಜಿನ ಗಿಡ ತಿಂದ ಥ್ರಿಪ್ಸ್ ಮಾತ್ರ ದೊಡ್ಡದಾದ ಮೇಲೆ ಅದನ್ನು ಹರಡಬಲ್ಲದು. ಅಂದರೆ ಆ ಮರಿಗಳು ಬೆಳೆದದ್ದು ಹತ್ತಿರದ ಯಾವುದೋ ನಂಜಿನ ಗಿಡದ ಮೇಲೆಯೇ. ಬದುವಿನ ಕಳೆಯನ್ನೂ ಪಕ್ಕದ ಶೇಂಗಾ ಹೊಲವನ್ನೂ ನೋಡಿ ಬನ್ನಿ.

## ಪಪ್ಪಾಯಿ ಕಾಯಿಯ ಮೇಲೆ ಉಂಗುರ

ಹಸಿರು ಕಾಯಿಯ ಮೇಲೆ ಕಡು ಹಸಿರು ಉಂಗುರಗಳು, ಎಲೆತೊಟ್ಟಿನ ಮೇಲೂ ಕಾಂಡದ ಮೇಲ್ಭಾಗದಲ್ಲೂ ಎಣ್ಣೆ ಸವರಿದಂಥ ಗೆರೆಗಳು, ಎಲೆ ಕಿರಿದಾಗಿ ಪಟ್ಟಿಪಟ್ಟಿ. ಮೂರೂ ಸೇರಿದರೆ ಉಂಗುರ ಚುಕ್ಕೆ ನಂಜು, ಅನುಮಾನ ಬೇಡ. ಉಂಗುರವಿಲ್ಲದೆ ಕುಡಿಯ ಎಲೆ ಮಾತ್ರ ಕಿರಿದಾಗಿದ್ದರೆ ಮೈಟ್ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಪಪ್ಪಾಯಿಯ ಮೇಲೆ ಕೀಟನಾಶಕ ಹೊಡೆಯುವುದು ಏಕೆ ವ್ಯರ್ಥ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಳಿ ನೊಣದ ನಂಜು ನೊಣದ ಹೊಟ್ಟೆ ಸೇರಿ, ರಕ್ತಕ್ಕೆ ದಾಟಿ, ಜೊಲ್ಲಿಗೆ ಬರಲು ಗಂಟೆಗಟ್ಟಲೆ ಬೇಕು. ಆಮೇಲೆ ಅದು ಬಹಳ ದಿನ ಹರಡುತ್ತಲೇ ಇರುತ್ತದೆ. ಅಲ್ಲಿ ನೊಣ ಕೊಲ್ಲುವುದರಿಂದ ಸ್ವಲ್ಪ ಉಪಯೋಗವಿದೆ. ಉಂಗುರ ಚುಕ್ಕೆ ನಂಜನ್ನು ತರುವುದು ಸಸ್ಯಹೇನು, ಅದರ ಬಾಯಿಯ ತುದಿಗೆ ಅಂಟಿಕೊಂಡು. ಹೇನು ಪಪ್ಪಾಯಿಯ ಮೇಲೆ ಸಂಸಾರ ಹೂಡುವುದಿಲ್ಲ. ಹಾರುತ್ತಾ ಬಂದು, ರುಚಿ ನೋಡಲು ಒಮ್ಮೆ ಚುಚ್ಚಿ, ಬೇಡವೆಂದು ಮುಂದಿನ ಗಿಡಕ್ಕೆ ಹೋಗುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ನಂಜು ದಾಟಿ ಆಗಿರುತ್ತದೆ. ಯಾವ ವಿಷವೂ ಅಷ್ಟು ಬೇಗ ಕೊಲ್ಲುವುದಿಲ್ಲ. ಅದಕ್ಕಿಂತ ತೋಟದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಅಥವಾ ಜೋಳ ಒತ್ತಾಗಿ ಹಾಕಿ. ಹೇನು ಮೊದಲು ಅಲ್ಲಿ ಇಳಿದು ಚುಚ್ಚಿದರೆ ಬಾಯಿಗೆ ಅಂಟಿದ ನಂಜು ಅಲ್ಲೇ ಒರೆಸಿ ಹೋಗುತ್ತದೆ. ಹತ್ತಿರದಲ್ಲಿ ಕುಂಬಳ, ಸೌತೆ ಬೇಡ. ಈ ನಂಜು ಬೀಜದಿಂದ ಬರುವುದಿಲ್ಲ, ಸಸಿಯನ್ನು ಪರದೆಯೊಳಗೆ ಬೆಳೆಸಿದರೆ ಶುದ್ಧವಾಗಿಯೇ ಇರುತ್ತದೆ.

## ಬಾಳೆ ಎಲೆ ಗೊಂಚಲಾಗಿದೆ

ಎಲೆಗಳು ನೆಟ್ಟಗೆ, ಕಿರಿದಾಗಿ, ತುದಿಯಲ್ಲಿ ಒತ್ತಾಗಿ ನಿಂತಿದ್ದರೆ ಎಲೆತೊಟ್ಟನ್ನೂ ಎಲೆಯ ಅಡಿಭಾಗವನ್ನೂ ಬೆಳಕಿಗೆ ಹಿಡಿಯಿರಿ. ಕಡು ಹಸಿರು ಗೆರೆಗಳು ತುಂಡುತುಂಡಾಗಿ, ಒಂದು ಚುಕ್ಕಿ ಒಂದು ಗೆರೆ ಎಂಬಂತೆ ನರದುದ್ದಕ್ಕೂ ಕಂಡರೆ ನಂಜು. ಬೇರೆ ಕಾರಣಕ್ಕೆ ಗಿಡ್ಡವಾದ ಬಾಳೆಯಲ್ಲಿ ಈ ಗೆರೆ ಇರುವುದಿಲ್ಲ. ಆ ಬುಡದ ಕಂದು (ಮರಿಗಿಡ) ಎಷ್ಟೇ ಚೆನ್ನಾಗಿ ಕಂಡರೂ ಬೇರೆಡೆ ನೆಡಬೇಡಿ, ನೆಂಟರಿಗೂ ಕೊಡಬೇಡಿ. ನಂಜು ಊರಿಂದೂರಿಗೆ ಹೋಗುವುದೇ ಕಂದಿನ ಜೊತೆಯಲ್ಲಿ. ಮಲೆನಾಡು, ಕೊಡಗಿನ ಏಲಕ್ಕಿಯ ಕಟ್ಟೆ ರೋಗವೂ ಹೀಗೆಯೇ. ಕಟ್ಟೆ ಹಿಡಿದ ತೋಟದ ಗೆಡ್ಡೆ ಹೊಸ ತೋಟಕ್ಕೆ ಸಲ್ಲದು.

## ನಂಜೆಂದು ಖಚಿತವಾದ ಮೇಲೆ

ಕೀಳಬೇಕು. ಕೀಳುವ ರೀತಿ ಮುಖ್ಯ. ಹಗಲು ಹೊತ್ತಿನಲ್ಲಿ ಗಿಡ ಹಿಡಿದು ಎಳೆದರೆ ಅದರ ಮೇಲಿದ್ದ ನಂಜು ಹೊತ್ತ ಬಿಳಿ ನೊಣಗಳೆಲ್ಲ ಎದ್ದು ಪಕ್ಕದ ಗಿಡಗಳ ಮೇಲೆ ಕೂರುತ್ತವೆ; ನಾವೇ ಹಂಚಿದಂತಾಗುತ್ತದೆ. ಬೆಳಗಿನ ತಂಪಿನಲ್ಲಿ, ನೊಣ ಮಂದವಾಗಿರುವಾಗ ಗಿಡಕ್ಕೆ ಗೊಬ್ಬರದ ಖಾಲಿ ಚೀಲ ಮುಚ್ಚಿ, ಬಾಯಿ ಹಿಡಿದು, ಬುಡಸಮೇತ ಕಿತ್ತು, ಹಾಗೆಯೇ ಹೊಲದ ಹೊರಗೆ ಒಯ್ದು ಹೂಳಿ. ಕಿತ್ತ ಗಿಡವನ್ನು ಬದುವಿನ ಮೇಲೆ ಒಗೆಯಬೇಡಿ.

ಬದುವಿನ ಪಾರ್ಥೇನಿಯಂ, ಹಳ್ಳಿಯ ಮಾತಿನ ಕಾಂಗ್ರೆಸ್ ಗಿಡ, ಬೆಳೆ ಇಲ್ಲದ ಕಾಲದಲ್ಲಿ ಬಿಳಿ ನೊಣಕ್ಕೂ ನಂಜಿಗೂ ಆಸರೆ ಕೊಡುತ್ತದೆ. ಹೂ ಬಿಡುವ ಮೊದಲೇ ತೆಗೆಯಿರಿ. ಹಳದಿ ಅಂಟು ಹಾಳೆಗಳು ನೊಣ ಯಾವಾಗ ಹೆಚ್ಚಿತು ಎಂದು ತಿಳಿಸುತ್ತವೆ, ಥ್ರಿಪ್ಸ್‌ಗೆ ನೀಲಿ. ಲೀಟರಿಗೆ 50 ಗ್ರಾಂ ಬೇವಿನ ಬೀಜದ ಕಷಾಯ ಕೀಟ ಕಡಿಮೆ ಇರುವಾಗ ಕೆಲಸ ಮಾಡುತ್ತದೆ, ಮಿತಿಮೀರಿದ ಮೇಲೆ ಸಾಲದು.

ಹೊಲದ ಕಾಲು ಭಾಗಕ್ಕಿಂತ ಹೆಚ್ಚು ಗಿಡಗಳಲ್ಲಿ ನಂಜು ಕಂಡರೆ ಕೀಳುವುದರಿಂದ ಲಾಭವಿಲ್ಲ ಎಂಬುದು ನನ್ನ ಅನುಭವ. ಆಗ ಬಂದಷ್ಟು ಕಾಯಿ ತೆಗೆದುಕೊಂಡು ಬೆಳೆಯನ್ನು ಬೇಗ ಮುಗಿಸಿ, ಮುಂದಿನ ಬೆಳೆಗೆ ಬೇರೆ ಕುಟುಂಬದ್ದನ್ನು ಆರಿಸಿ.

## ಸಿಂಪಡಿಸುವವರು ಗಮನಿಸಿ

ಯಾವ ಕೀಟ ಎಂದು ಕಣ್ಣಾರೆ ಕಾಣದೆ ಸಿಂಪಡಿಸಬೇಡಿ. ಎರಡು ಮೂರು ಔಷಧಿಗಳನ್ನು ಒಂದೇ ಪಂಪಿಗೆ ಸುರಿಯಬೇಡಿ. ಗಾಳಿಗೆ ಎದುರಾಗಿ ನಿಲ್ಲಬೇಡಿ. ಮುಖಗವಸು, ಕೈಗವಸು, ತುಂಬು ತೋಳಿನ ಅಂಗಿ ಇರಲಿ, ಕೆಲಸದ ನಡುವೆ ಬೀಡಿ, ಎಲೆಯಡಿಕೆ ಬೇಡ. ಕಳೆನಾಶಕಕ್ಕೆ ಪಂಪ್ ಬೇರೆಯೇ ಇಡಿ. ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯದೆ ಕಾಯಿ ಕೊಯ್ಯಬೇಡಿ. ತಲೆ ಸುತ್ತಿ, ಬೆವರಿ, ವಾಂತಿ ಬಂದು, ಕಣ್ಣು ಮಂಜಾದರೆ ಕೆಲಸ ಅಲ್ಲೇ ನಿಲ್ಲಿಸಿ, ಬಟ್ಟೆ ಕಳಚಿ ಮೈ ತೊಳೆದು, ಔಷಧಿಯ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಬೇಕು. ಬಾಯಿಗೆ ಹೋಗಿದ್ದರೆ ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ.

## ಕೈಮೀರಿದಾಗ

ಲಕ್ಷಣ ಮೇಲಿನ ಯಾವುದಕ್ಕೂ ಹೊಂದದಿದ್ದರೆ, ವಾರದಲ್ಲಿ ಕೆಟ್ಟ ಗಿಡಗಳ ಸಂಖ್ಯೆ ದುಪ್ಪಟ್ಟಾದರೆ, ಎರಡು ಸಿಂಪಡಣೆಗೂ ಕೀಟ ಜಗ್ಗದಿದ್ದರೆ ಮೂರನೆಯದಕ್ಕೆ ಹಣ ಹಾಕಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಕಚೇರಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರುವುದೇ ಇದಕ್ಕೆ. ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.

ಮಾದರಿ ಒಯ್ಯುವಾಗ ಒಣಗಿದ ಎಲೆ ಬೇಡ, ಅದರಲ್ಲಿ ನೋಡಲು ಏನೂ ಉಳಿದಿರುವುದಿಲ್ಲ. ಲಕ್ಷಣ ಈಗಷ್ಟೇ ಶುರುವಾದ ಎಳೆಯ ಎಲೆಗಳಿರುವ ಕುಡಿಯನ್ನು ಬೆಳಿಗ್ಗೆ ಕತ್ತರಿಸಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಕೊಳೆಯುತ್ತದೆ. ಅದೇ ತಳಿಯ ಆರೋಗ್ಯವಾದ ಗಿಡದ ಕುಡಿಯನ್ನು ಬೇರೆ ಹಾಳೆಯಲ್ಲಿ ಸುತ್ತಿ ಜೊತೆಗೆ ಕೊಡಿ. ನಾಟಿ ಮಾಡಿದ ದಿನ, ಮೊದಲು ಲಕ್ಷಣ ಕಂಡ ದಿನ, ಹೊಡೆದ ಔಷಧಿ, ಗೊಬ್ಬರ ಬರೆದಿಡಿ. ಬದುವಿನಿಂದ ಇಡೀ ಹೊಲದ ಒಂದು ಚಿತ್ರ ಮೊಬೈಲ್‌ನಲ್ಲಿ ತೆಗೆದಿರಿ. ಅಗತ್ಯ ಕಂಡರೆ ಅವರು ಪ್ರಯೋಗಾಲಯಕ್ಕೆ ಕಳಿಸಿ, ನಂಜಾಣುವನ್ನು ಗುರುತಿಸುವ ಪಿಸಿಆರ್ ಅಥವಾ ಎಲಿಸಾ ಪರೀಕ್ಷೆ ಮಾಡಿಸುತ್ತಾರೆ.

ಮನೆಯ ಹೆಂಗಸರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಬೇರೆ: ನಂಜು ಹಿಡಿದ ಗಿಡದ ಬೆಂಡೆ, ಪಪ್ಪಾಯಿ ತಿಂದರೆ ಏನಾದರೂ ಆದೀತೇ? ಆಗುವುದಿಲ್ಲ. ಗಿಡದ ನಂಜಾಣುವಿಗೆ ಮನುಷ್ಯನ ಕೋಶದೊಳಗೆ ಹೊಕ್ಕು ಬೆಳೆಯುವ ದಾರಿ ಗೊತ್ತಿಲ್ಲ. ಬೆಂಡೆ ನಾರಾಗಿರುತ್ತದೆ, ಪಪ್ಪಾಯಿಗೆ ಸಿಹಿ ಕಡಿಮೆ, ಅಷ್ಟೇ. ಹೆದರಬೇಕಾದದ್ದು ಆ ಕಾಯಿಯ ಮೇಲೆ ನಿನ್ನೆ ಹೊಡೆದ ಔಷಧಿಗೆ.